ಬಿಳಿ ಬದನೆಕಾಯಿ

ಕೆಂಭಾವಿ
೯ ಏಪ್ರಿಲ್ ೨೦೨೫

ರೇಣೂ,

ನಗಬೇಡ ಮತ್ತೆ! ಸುರಪುರದ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದ ನಾವು, ಈ ಫೋನಿನ ಕಾಲದಲ್ಲಿ ಪತ್ರ ಬರೆದುಕೊಳ್ಳುವುದೆಂದರೆ ಯಾರಿಗಾದರೂ ನಗು ಬರುತ್ತದೆ. ಏನು ಮಾಡಲಿ? ನಮ್ಮ ಮನೆಯ ಫೋನು ಸ್ಪೀಕರ್ ಹಾಕದಿದ್ದರೆ ಮಾತಾಡುವುದಿಲ್ಲ. ಸ್ಪೀಕರ್ ಹಾಕಿದರೆ ನಮ್ಮತ್ತೆ ನಾಗರತ್ನಮ್ಮ ಜಗತ್ತಿನ ಕೆಲಸವೆಲ್ಲ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಾರೆ. ಅದಕ್ಕೇ ನಾರಾಯಣಪುರದ ಬಸ್ಸಿನ ಕಂಡಕ್ಟರ್ ದುರಗಪ್ಪಣ್ಣನ ಕೈಯಲ್ಲಿ ಈ ಬುಟ್ಟಿ ಕೊಟ್ಟಿದ್ದೇನೆ. ಬುಟ್ಟಿಯಲ್ಲಿ ಆರು ಕೋಳಿತತ್ತಿ, ತತ್ತಿಯ ಮೇಲೆ ಈ ಪತ್ರ.

ನಿನಗೆ ಅರ್ಧ ಕಥೆ ಗೊತ್ತು. ದಸರೆಗೆ ಹೊಲದ ಶೆಡ್ಡಿನಲ್ಲಿ ಮೊಟ್ಟೆ ಕೋಳಿ ಸಾಕಲು ಶುರು ಮಾಡಿದೆನಲ್ಲ, ಆಗ ಓಣಿಯೇ ಎದ್ದು ನಿಂತಿತ್ತು. "ಲಿಂಗ ಕಟ್ಟಿದ ಮನಿಯಾಗ ಕೋಳಿ ಕೂಗ್ತಾವಂತ!" ಎಂದು. ನಾನು ಅತ್ತೆಗೆ ಹೇಳಿದೆ, "ಕೂಗಂಗಿಲ್ರಿ ಅತ್ತಿ. ನಾ ಹುಂಜ ತರಂಗಿಲ್ಲ. ಹುಂಜ ಇಲ್ಲಂದ್ರ ತತ್ತಿಯೊಳಗ ಜೀವ ಇಲ್ಲ. ನನ್ನ ಕೈಲೆ ಒಂದು ಜೀವಾನೂ ಕತ್ತಿಗೆ ಹೋಗಂಗಿಲ್ಲ." ಅವರು ಎರಡು ಕರಾರು ಹಾಕಿದರು. ಆ ವಸ್ತು ಹೊಸ್ತಿಲು ದಾಟಬಾರದು. ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಅಂದಿನಿಂದ ನಮ್ಮ ಮನೆಯಲ್ಲಿ ತತ್ತಿ ಎಂದರೆ ಬಿಳಿ ಬದನೆಕಾಯಿ. ಇವರು ಕೂಡ, "ಇವತ್ತ ಬದನಿಕಾಯಿ ಎಷ್ಟು ಬಂದ್ವು?" ಎಂದೇ ಕೇಳುತ್ತಾರೆ. ಅಷ್ಟಕ್ಕೇ ಬಿಡದೆ ಅತ್ತೆ ಬಸವಣ್ಣನ ಗುಡಿಯ ಮುಂದೆ ನಾಲ್ಕು ಹೆಂಗಸರೆದುರು, "ನಾ ಸತ್ರೂ ಆ ಶೆಡ್ಡಿನಾಗ ಕಾಲಿಡಂಗಿಲ್ಲ" ಎಂದು ಆಣೆ ಮಾಡಿ ಬಂದರು.

ಈಗ ಕೇಳು ನನ್ನ ಗೋಳು. ಯುಗಾದಿ ಮುಗಿದದ್ದೇ ತಡ, ಬಿಸಿಲು ನೆತ್ತಿ ಸುಡುತ್ತಿದೆ. ಕೋಳಿಗಳು ಬಾಯಿ ತೆರೆದು ತೇಕುತ್ತವೆ, ಹಾಕಿದ ಹಿಟ್ಟನ್ನು ಮೂಸಿಯೂ ನೋಡುವುದಿಲ್ಲ. ಇಡುವ ತತ್ತಿಗೆ ಚಿಪ್ಪೇ ಇಲ್ಲ ರೇಣೂ! ಕೈಗೆ ತೆಗೆದುಕೊಂಡರೆ ನೀರು ತುಂಬಿದ ಬಲೂನು. ಅಂಗನವಾಡಿಯ ಯಶೋಧರಾ ಟೀಚರ್ ನಿನ್ನೆ ಟ್ರೇ ವಾಪಸ್ ಕಳಿಸಿದರು. "ಬಸುರಿ ಬಾಣಂತ್ಯಾರಿಗೆ ಇಂಥಾವು ಹಂಚಲೇನ್ರಿ ದಾನೇಶ್ವರಿ? ಗಟ್ಟಿ ಆದ್ರ ತರ್ರಿ, ಇಲ್ಲಂದ್ರ ಬ್ಯಾಡ್ರಿ" ಎಂದರು. ಅದನ್ನು ಕೇಳಿದ್ದೇ ಇವರು ರಂಗಂಪೇಟೆಯ ಕೋಳಿ ವ್ಯಾಪಾರಿಗೆ ಮಾತು ಕೊಟ್ಟುಬಿಟ್ಟರು. ಮೇ ಐದಕ್ಕೆ ಅವನ ಗಾಡಿ ಬರುತ್ತದೆ. ಅವನು ಸಾಕಲು ಒಯ್ಯುವವನಲ್ಲ. ನನ್ನ ಕೋಳಿಗಳು ಕತ್ತಿಗೆ ಹೋಗುತ್ತವೆ. ನಾನು ಅತ್ತೆಗೆ ಕೊಟ್ಟ ಮಾತೂ ಅವುಗಳ ಜೊತೆಗೇ ಹೋಗುತ್ತದೆ.

ನಮ್ಮ ಏಳು ತಲೆಮಾರಿನಲ್ಲಿ ಕೋಳಿ ಕಂಡವರಿಲ್ಲ, ಯಾರನ್ನು ಕೇಳಲಿ? ಹೊಳೆದಂಡೆಯ ನಿಮ್ಮ ಮನೆಯಂಗಳದಲ್ಲಿ ಹುಟ್ಟಿದಾಗಿನಿಂದ ಕೋಳಿಯೊಳಗೇ ಆಡಿದವಳು ನೀನು. ಚಿಪ್ಪಿಗೆ ಸುಣ್ಣ ಬೇಕೆಂದು ಎಲ್ಲೋ ಕೇಳಿದ್ದೆ. ನಿನ್ನೆ ಎಲೆಯಡಿಕೆಯ ಸುಣ್ಣವನ್ನೇ ಕಲಸಿ ಅವುಗಳ ನೀರಿಗೆ ಹಾಕಿದ್ದೇನೆ. ಸರಿ ತಾನೇ? ಜಲ್ದಿ ಬರೆ.

ನಿನ್ನ ದಾನಿ


ನಾರಾಯಣಪುರ, ಡ್ಯಾಮ್ ಕ್ವಾರ್ಟರ್ಸ್
೧೧ ಏಪ್ರಿಲ್

ಏ ದಾನಿ,

ನಿನ್ನಂಗ ಪುಸ್ತಕದ ಭಾಷಾ ನನಗ ಬರಂಗಿಲ್ಲ. ಮಾತಾಡಿದಂಗೇ ಬರೀತೀನಿ, ಓದ್ಕೋ.

ಕಾಗದ ಬಂತು. ಕಾಗದ ಏನ್ ಬಂತು, ಆಮ್ಲೆಟ್ ಬಂತು ಅನ್ನು! ಆರರಾಗ ನಾಕು ಹುಣಸಗಿ ದಾಟೋದ್ರೊಳಗೇ ಒಡದು ನಿನ್ನ ಅಕ್ಷರ ಎಲ್ಲಾ ಹಳದಿ ಆಗ್ಯಾವ. ದುರಗಪ್ಪ ನನ್ನ ಮ್ಯಾಲೇ ಸಿಟ್ಟಾದ, "ಯವ್ವಾ, ಇದೇನ್ ಸೋರಾಕತ್ತದ, ನನ್ನ ಟಿಕೆಟ್ ಮಷಿನ್ ಎಲ್ಲಾ ಜಿಗಟ್ ಆತು" ಅಂತ. ಕತ್ತಿಗೆ ಹೋಗುತ್ತವೆ ಅನ್ನೋ ಸಾಲು ಮಾತ್ರ ಚೊಕ್ಕ ಉಳದಿತ್ತು. ಅದಕ್ಕೇ ಕೂಡ್ಲೇ ಬರಿಯಾಕತ್ತೇನಿ.

ಎಲಿಸುಣ್ಣ ನೀರಾಗ ಹಾಕೀದಿ? ಅಯ್ಯ ನಿನ್ನ! ತೆಗದು ಚೆಲ್ಲು ಮೊದಲ, ಅವುಕ್ಕ ಗಂಟಲು ಸುಟ್ಟೀತು. ಬೇಕಾದ್ದು ಅದಲ್ಲ, ಸುಣ್ಣದ ಕಲ್ಲಿನ ಹರಳು. ಜ್ವಾಳದ ಕಾಳಿನಷ್ಟು ಇರ್ತಾವ. ಶಹಾಪುರದಾಗ ಕೋಳಿ ಹಿಟ್ಟು ಮಾರೋ ಅಂಗಡಿಯಾಗ ಸಿಗ್ತಾವ. ಬ್ಯಾರೆ ಡಬ್ಬಿಯಾಗ ಹಾಕಿ ಸಂಜಿ ಮುಂದ ಇಡು. ಚಿಪ್ಪು ಆಗೋದು ಕೋಳಿ ಮಲಗಿದಾಗ, ಆವಾಗ ಹೊಟ್ಟಿಯಾಗ ಹರಳು ಇರಬೇಕು.

ಇನ್ನೊಂದು. ನಿಮ್ಮ ಕೋಳಿ ನೀರಿನ ಟ್ಯಾಂಕ್ ಶೆಡ್ಡಿನ ತಗಡಿನ ಮ್ಯಾಲ ಅದ ಅಲ್ಲ? ನಡು ಮಧ್ಯಾಹ್ನ ಹೋಗಿ ಆ ನೀರು ನೀನೇ ಒಂದು ಗುಟುಕು ಕುಡದು ನೋಡು. ಆಮ್ಯಾಲ ನನಗ ಬರಿ.

ಉಳದ ಎರಡು ತತ್ತಿ ನಾನೇ ತಿಂದೆ. ಭಾಳ ಛಲೋ ಇದ್ವು. ನನ್ನ ಗಂಡ ಸಾಯಿಕುಮಾರಗ ಒಂದೂ ಕೊಡಲಿಲ್ಲ.

ರೇಣುಕಾ


ಕೆಂಭಾವಿ
೧೫ ಏಪ್ರಿಲ್

ರೇಣೂ, ರೇಣೂ, ರೇಣೂ!

ಕುಡಿದೆ. ನಾಲಿಗೆ ಸುಟ್ಟುಕೊಂಡೆ! ಚಹಾಪುಡಿ, ಸಕ್ಕರೆ ಹಾಕಿದ್ದರೆ ಅಲ್ಲೇ ಚಹಾ ಆಗುತ್ತಿತ್ತು. ಪಾಪ, ಅವು ಇಷ್ಟು ದಿನ ಅದೇ ನೀರಿನ ಮುಂದೆ ಕೊಕ್ಕು ತೆರೆದು ನಿಂತಿದ್ದವು, ನಾನು ಎಂಥ ಮಬ್ಬಿ. ಟ್ಯಾಂಕನ್ನು ಬೇವಿನ ಗಿಡದ ಕೆಳಗೆ ಇಳಿಸಿ ಗೋಣಿಚೀಲ ಸುತ್ತಿದೆ. ಒಳಗೆ ಅವು ನೀರು ಕುಡಿಯಲು ಮಣ್ಣಿನ ಹರವಿಗಳನ್ನು ಇಟ್ಟೆ. ಶೆಡ್ಡಿನ ಪಡುವಣ ಜಾಲರಿಗೆ ಹಸಿ ಗೋಣಿಯ ಪರದೆ, ತಗಡಿನ ಮೇಲೆ ಜೋಳದ ದಂಟು. ಹೊರಗೆ ಯಾದಗಿರಿ ಜಿಲ್ಲೆಯೇ ಕಾದ ಹಂಚಾಗಿದೆ, ಒಳಗೆ ಹೋದರೆ ತಣ್ಣಗೆ! ಎರಡೇ ದಿನದಲ್ಲಿ ತೇಕುವುದು ನಿಂತಿತು. ಸಂತೋಷಕ್ಕೆ ನಾನು ಶೆಡ್ಡಿನಲ್ಲೇ ಕುಣಿದುಬಿಟ್ಟೆ. ಕೋಳಿಗಳು ಗಾಬರಿಯಾಗಿ ಮೂಲೆ ಸೇರಿದವು.

ಆದರೆ ತತ್ತಿ ಇನ್ನೂ ಮೆತ್ತಗೇ ಇವೆ. ಶಹಾಪುರದಿಂದ ಹರಳು ತರಿಸಿದೆ, ಸಂಜೆ ಇಟ್ಟೆ. ಬೆಳಗ್ಗೆ ನೋಡಿದರೆ ಡಬ್ಬಿ ಹಾಗೆಯೇ ಇದೆ. ಹಿಟ್ಟನ್ನೂ ಕೆದರಿ ಬಿಡುತ್ತವೆ. ಹೊಟ್ಟೆ ಹಸಿದಂತೆಯೇ ಇಲ್ಲ.

ಇನ್ನೊಂದು ಸಂಗತಿ, ಯಾರಿಗೂ ಹೇಳಬೇಡ. ಶೆಡ್ಡಿನ ಬಾಗಿಲಿಗೆ ನಾನು ಹಗ್ಗ ಸುಮ್ಮನೆ ಸುತ್ತಿ ಬರುತ್ತೇನೆ. ಸಂಜೆ ಹೋದಾಗ ಅಲ್ಲಿ ಬೇರೆ ಗಂಟು ಇರುತ್ತದೆ. ಎಮ್ಮೆ ಕಟ್ಟುವ ಗಂಟು. ಆ ಗಂಟು ನಮ್ಮ ಮನೆಯಲ್ಲಿ ಹಾಕುವವರು ಒಬ್ಬರೇ, ಅತ್ತೆ. ಅವರು ಅಲ್ಲಿಗೆ ಯಾಕೆ ಹೋಗುತ್ತಾರೆ? ಕಾಲಿಡುವುದಿಲ್ಲ ಎಂದವರು! ನನ್ನ ತಲೆಗೆ ಕೆಟ್ಟ ಯೋಚನೆ ಬರುತ್ತಿದೆ. ನಿನ್ನೆ ಅವರ ಮುಂದೆ ಒಂದು ಮಾತು ಆಡಿಯೂಬಿಟ್ಟೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಸಲವೂ ಆರು ಕಳಿಸಿದ್ದೇನೆ, ಹತ್ತಿಯಲ್ಲಿ ಸುತ್ತಿ.

ದಾನಿ


ನಾರಾಯಣಪುರ
೧೮ ಏಪ್ರಿಲ್

ದಾನಿ,

ಮೂರು ಒಡದಿದ್ವು. ಮೂರು ಉಳದ್ವು, ತಿಂದೆ.

ನಿಮ್ಮತ್ತಿ ಸುದ್ದಿ ಓದಿ ನನ್ನ ರಕ್ತ ಕುದೀಲಿಕ್ಕತ್ತದ! ಬಾಯಾಗ ಬಸವಣ್ಣ, ಕೈಯಾಗ ಕಾರಸ್ತಾನ. ಕೋಳಿ ಮನಿ ಬಿಟ್ಟು ಹೋಗ್ಲಿ ಅಂತ ಏನೋ ಮಾಡಾಕತ್ಯಾರ, ನನಗ ಖಾತ್ರಿ ಅದ. ನೀ ಮೆತ್ತಗಾಗಬ್ಯಾಡ. ನಾ ಅಲ್ಲಿ ಇದ್ದಿದ್ರ ಬಾಗಲಿಗೆ ಕೀಲಿ ಜಡದು, ಕೀಲಿಕೈ ಕೊರಳಾಗ ಕಟ್ಕೊಂಡು ಅಡ್ಡಾಡ್ತಿದ್ದೆ!

ಆದ್ರ ಜಗಳ ತಗಿಯೋಕಿಂತ ಮೊದಲ ಒಂದು ಕೆಲಸ ಮಾಡು. ಕೋಳಿ ಕುತ್ತಿಗಿ ಬುಡದಾಗ ಒಂದು ಚೀಲ ಇರ್ತದ, ತಿಂದದ್ದು ಮೊದಲ ಅಲ್ಲೇ ನಿಲ್ಲೋದು. ಸಂಜಿ ಮುಂದ ಒಂದನ್ನ ಹಿಡದು ಅಲ್ಲಿ ಮುಟ್ಟಿ ನೋಡು. ಹಿಟ್ಟು ತಿಂದಿದ್ರ ಕಣಕದಂಗ ಮೆತ್ತಗ ಇರ್ತದ. ಬ್ಯಾರೆ ಏನರ ತಿಂದಿದ್ರ ಕೈಗೇ ಗೊತ್ತಾಗ್ತದ. ನಮ್ಮವ್ವ ಮಲ್ಲಿಕಮ್ಮ ಹಿಂಗೇ ನೋಡಾಕಿ. "ಕೋಳಿ ಬಾಯಿ ಸುಳ್ಳು ಹೇಳ್ತದ, ಚೀಲ ಹೇಳಂಗಿಲ್ಲ" ಅಂತಾಳ.

ಇವತ್ತ ಜರಾ ಮೈ ಸರಿ ಇಲ್ಲ. ಬಿಸಲಿರಬೇಕು. ಇಷ್ಟೇ ಸಾಕು.

ರೇಣು


ಕೆಂಭಾವಿ
೨೨ ಏಪ್ರಿಲ್

ರೇಣೂ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೇಜಾರಾಗಬೇಡ.

ಮುಟ್ಟಿ ನೋಡಿದೆ. ಒಂದಲ್ಲ, ಹಿಡಿದದ್ದೆಲ್ಲ ಹಾಗೇ. ಚೀಲದ ತುಂಬ ಕಾಳು! ಬೆರಳಿಗೆ ಗರಗರ ಸಿಗುತ್ತವೆ. ನಾನು ಹಾಕುವುದು ಹಿಟ್ಟು, ಕಾಳು ಎಲ್ಲಿಂದ ಬಂದವು? ಮರುದಿನ ಮಧ್ಯಾಹ್ನ ಹತ್ತಿಕಟ್ಟಿಗೆಯ ಬಣವೆಯ ಹಿಂದೆ ಅಡಗಿ ಕೂತೆ. ನೆಲದಿಂದ ಝಳ ಏಳುತ್ತಿತ್ತು, ಒಂದು ನಾಯಿಯೂ ಹೊರಗಿರಲಿಲ್ಲ. ಅಂಥ ಹೊತ್ತಿನಲ್ಲಿ ಅತ್ತೆ ಬಂದರು. ಕಾಲಲ್ಲಿ ಚಪ್ಪಲಿ ಇಲ್ಲ, ಕೋಳಿ ಶೆಡ್ಡಿಗೆ ಹೋದ ಚಪ್ಪಲಿ ಮನೆಗೆ ಬರಬಾರದಲ್ಲ, ಎಲ್ಲೋ ಬಿಟ್ಟು ಬಂದಿದ್ದರು. ಸುಡುವ ನೆಲದ ಮೇಲೆ ಜಿಗಿಜಿಗಿದು ನಡೆಯುತ್ತಿದ್ದರು. ಸೆರಗಿನ ತುಂಬ ಬಿಳಿಜೋಳ.

ಬೇಸಿಗೆಯಲ್ಲಿ ನಮ್ಮ ಕಡೆ ಹೆಂಗಸರು ಹಕ್ಕಿಗಳಿಗೆ ನೀರು, ಕಾಳು ಇಡುತ್ತಾರೆ ನೋಡು. ಅತ್ತೆ ಎಂದೂ ತಪ್ಪಿಸಿದವರಲ್ಲ. ದಿನಾ ಮಧ್ಯಾಹ್ನ, "ಹಕ್ಕಿಗೆ ಕಾಳು ಹಾಕಿ ಬರ್ತೀನಿ" ಎಂದು ಹೋಗುತ್ತಿದ್ದರು. ಬೇವಿನ ಗಿಡದ ಗುಬ್ಬಿಗಳಿಗೆಂದು ನಾನು ತಿಳಿದಿದ್ದೆ. ಅವರು ಬಾಗಿಲ ಗಂಟು ಬಿಚ್ಚಿ, ಒಂದು ಕೈಯಲ್ಲಿ ಕೊರಳ ಲಿಂಗ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಜೋಳ ಚೆಲ್ಲಿದರು. ಕೋಳಿಗಳೆಲ್ಲ ಓಡಿ ಬಂದು ಅವರ ಕಾಲು ಮುತ್ತಿದವು. ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಉಣ್ರವ್ವಾ, ಉಣ್ರಿ. ಇಂಥಾ ಬಿಸಲಾಗ ಆ ಒಣಹಿಟ್ಟು ಹೆಂಗ ಇಳೀಬೇಕು ನಿಮಗ? ಗಂಡಿಲ್ಲದ ಸಂಸಾರ ನಿಮ್ದು. ನಂದೂ ಹಂಗೇ. ನಾವು ನಾವೇ ನೋಡ್ಕೋಬೇಕು. ಕತ್ತಿ ಪಾಲಾಗಬ್ಯಾಡ್ರಿ, ಗಟ್ಟಿ ಆಗ್ರಿ."

ಅಯ್ಯೋ ರೇಣೂ! ಬಣವೆಯ ಹಿಂದೆ ನಾನು ಬಾಯಿಗೆ ಸೆರಗು ತುಂಬಿಕೊಂಡು ಅತ್ತುಬಿಟ್ಟೆ. ಬರೆಯುವುದಿಲ್ಲ ಎಂದಿದ್ದೆನಲ್ಲ, ನಾನು ಆಡಿದ ಆ ಮಾತು ಯಾವುದು ಗೊತ್ತೇ? "ನಿಮ್ಮ ಕಣ್ಣ ಬಿದ್ದೇ ನನ್ನ ಕೋಳಿ ಹಿಂಗಾಗ್ಯಾವ್ರಿ" ಎಂದಿದ್ದೆ. ಅವರು ಎದ್ದು ಹೋಗಿದ್ದರು. ಅಷ್ಟು ಕೇಳಿಸಿಕೊಂಡೂ ದಿನಾ ಜೋಳ ತರುತ್ತಲೇ ಇದ್ದಾರೆ.

ಈಗ ಹೇಳು, ಆ ಜೋಳ ಕೋಳಿಗೆ ಒಳ್ಳೆಯದೋ ಕೆಟ್ಟದ್ದೋ? ಕೆಟ್ಟದ್ದೆಂದರೆ ನಾನು ಅವರಿಗೆ ಯಾವ ಬಾಯಲ್ಲಿ ಹೇಳಲಿ? ವ್ಯಾಪಾರಿ ಬರುವ ದಿನ ಹತ್ತಿರ ಬಂತು.

ದಾನಿ


ನಾರಾಯಣಪುರ
೨೪ ಏಪ್ರಿಲ್

ದಾನಿ,

ನನ್ನ ಬಾಯಿಗೆ ಒಂದು ಬೊಗಸಿ ಮಣ್ಣು ಹಾಕು. ನಿಮ್ಮತ್ತಿ ಬಗ್ಗೆ ಬರದಿದ್ನಲ್ಲ, ಆ ಕಾಗದ ಹರದು ಒಲ್ಯಾಗ ಒಗಿ. ಇವತ್ತೇ ಒಗಿ.

ಜ್ವಾಳ ಕೆಟ್ಟದ್ದಲ್ಲ. ಆದ್ರ ಅದ್ರಾಗ ಸುಣ್ಣ ಇಲ್ಲ. ನಡು ಬಿಸಲಾಗ ಜ್ವಾಳ ತಿಂದು ಹೊಟ್ಟಿ ತುಂಬಿಸ್ಕೊಂಡ್ರ ಮೈ ಇನ್ನಷ್ಟು ಕಾಯ್ತದ, ಸಂಜಿಗಿ ಹಿಟ್ಟೂ ಬ್ಯಾಡ, ಹರಳೂ ಬ್ಯಾಡ. ಹೊಟ್ಟಿ ತುಂಬಿದವರಿಗೆ ಹುಗ್ಗಿ ಮುಳ್ಳು ಅಂತಾರಲ್ಲ, ಹಂಗ. ಹಿಟ್ಟು ಬೆಳಗಾಗೋ ಮೊದಲ ಹಾಕು, ಆಮ್ಯಾಲ ಬಿಸಲು ಇಳದ ಮ್ಯಾಲ ಹಾಕು. ನಡುವ ಬರೀ ತಣ್ಣನ ನೀರು.

ಅತ್ತಿಗಿ ಹೇಳಬ್ಯಾಡ. ಪುಣ್ಯ ಅಂತ ಮಾಡ್ಯಾರ, ಪಾಪ ಆಗ್ಯಾದ ಅಂತ ಕೇಳಿದ್ರ ಆ ಜೀವ ತಡಕೊಳ್ಳಂಗಿಲ್ಲ. ಅವರ ಕೈ ತಡೀಬ್ಯಾಡ ದಾನಿ. ಕೈಯಾಗಿಂದು ಬದಲು ಮಾಡು.

ತತ್ತಿ ಕಳಿಸಬ್ಯಾಡ ಸದ್ಯಕ್ಕ. ಯಾಕಂತ ಕೇಳಬ್ಯಾಡ.

ರೇಣು


ಕೆಂಭಾವಿ
೨ ಮೇ

ರೇಣೂ,

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂದು ಹೆದರಿ ಸುಮ್ಮನಿದ್ದೆ. ನೀನು ತತ್ತಿ ಬೇಡವೆಂದದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡೂ ಇದ್ದೆ. ನಮ್ಮ ಹಾಳು ತತ್ತಿ ತಿಂದು ಸಾಕಾಗಿದೆ ಇವಳಿಗೆ ಎಂದುಕೊಂಡೆ. ಇರಲಿ.

ನೀನು ಹೇಳಿದ ಹಾಗೇ ಮಾಡಿದೆ. ನಿನ್ನ ಪತ್ರ ಬಂದ ಸಂಜೆಯೇ ಇವರೊಂದಿಗೆ ಮಾತಾಡುವವಳ ಹಾಗೆ, ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಅಂದೆ, "ಬದನಿಕಾಯಿ ಗಿಡಕ್ಕ ನಡು ಮಧ್ಯಾಹ್ನ ತಣ್ಣನ ನೀರು ಒಂದೇ ಬೇಕಂತ್ರಿ. ಕಾಳು ಹಾಕಿದ್ರ ಹೊಟ್ಟಿ ಉರೀತದಂತ. ಸಂಜಿಗಿ ಸುಣ್ಣದ ಹರಳು ಹಾಕೋದಂತ, ಆ ಹೊತ್ತಿಗೆ ನಾ ರೊಟ್ಟಿ ಬಡೀತಿರ್ತೀನಿ, ಯಾರರ ಒಬ್ರು ಇದ್ದಿದ್ರ..." ಇವರು, "ನನಗ ಟೈಮಿಲ್ಲ" ಎಂದು ಎದ್ದು ಹೋದರು. ಅತ್ತೆ ಜೋಳ ಹಸನು ಮಾಡುತ್ತಾ ಕೂತಿದ್ದರು, ತಲೆಯೆತ್ತಲಿಲ್ಲ.

ಹರಳಿನ ಬುಟ್ಟಿಯನ್ನು ಬೇವಿನ ಗಿಡದ ಬುಡದಲ್ಲಿ ಬಿಟ್ಟು ಬಂದೆ. ಮರುದಿನ ಕತ್ತಲಾದ ಮೇಲೆ ನೋಡಿದರೆ ಬುಟ್ಟಿಯಿಂದ ಮೂರು ಬೊಗಸೆ ಕಡಿಮೆಯಾಗಿದೆ! ಹರವಿಗಳಲ್ಲಿ ಹೊಸ ನೀರು. ಗೋಣಿಪರದೆ ಹಸಿಯಾಗಿದೆ. ಬಾಗಿಲಿಗೆ ಎಮ್ಮೆಯ ಗಂಟು. ದಿನವೂ ಹಾಗೆಯೇ. ಚೀಲ ಮುಟ್ಟಿ ನೋಡಿದೆ, ಹಿಟ್ಟಿನ ಜೊತೆ ಹರಳು ಸಿಗುತ್ತಿವೆ. ನಾವಿಬ್ಬರೂ ಈ ವಿಷಯ ಒಂದು ಮಾತೂ ಆಡಿಲ್ಲ.

ಮೊನ್ನೆ ಬೆಳಗ್ಗೆ ಟ್ರೇ ಎತ್ತುವಾಗ ಒಂದು ತತ್ತಿ ಜಾರಿ ಕೆಳಗೆ ಬಿತ್ತು. ಅಯ್ಯೋ ಎಂದು ಕಣ್ಣು ಮುಚ್ಚಿದೆ. ಟಕ್ ಎಂದಿತು. ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ನಿಂತಿತು! ಒಡೆದಿಲ್ಲ! ನಾನು ಅದನ್ನು ಎತ್ತಿಕೊಂಡು ಹೊಲವೆಲ್ಲ ಓಡಾಡಿದೆ. ಯಾರಿಗೆ ತೋರಿಸಲಿ, ಮನೆಯಲ್ಲಿ ಹೆಸರು ಎತ್ತುವಂತಿಲ್ಲವಲ್ಲ!

ಆದರೂ ಇವರು ನಂಬುತ್ತಿಲ್ಲ. "ಒಂದೆರಡು ಗಟ್ಟಿ ಆದ್ರ ಏನ್ ಬಂತು? ದಾರಿಯಾಗ ಕುಲುಕಿದ್ರ ತಡಕೋಬೇಕಲ್ಲ" ಎನ್ನುತ್ತಾರೆ. ಅದಕ್ಕೆ ನಾನೇ ಪಂಥ ಕಟ್ಟಿದೆ. ಹತ್ತು ತತ್ತಿ, ಹತ್ತಿ ಇಲ್ಲ, ಹುಲ್ಲಿಲ್ಲ, ಬರೀ ಬುಟ್ಟಿಯಲ್ಲಿ ಹಾಕಿ ದುರಗಪ್ಪಣ್ಣನ ಬಸ್ಸಿನಲ್ಲಿ ಕಳಿಸುತ್ತೇನೆ. ಹತ್ತೂ ನಾರಾಯಣಪುರ ಮುಟ್ಟಿದರೆ ವ್ಯಾಪಾರಿಗೆ ಬೇಡವೆನ್ನಬೇಕು. ಅವರು ಹೂಂ ಅಂದಿದ್ದಾರೆ. ನಿನಗೆ ಬೇಡವಾದರೂ ಈ ಒಂದು ಸಲ ಇಸಿದುಕೋ ತಾಯಿ. ನಿಜ ಬರೆ. ಒಂದು ಒಡೆದಿದ್ದರೂ ಒಡೆದಿದೆ ಎಂದೇ ಬರೆ.

ದಾನಿ


ನಾರಾಯಣಪುರ
೩ ಮೇ

ದಾನೀ!

ಹತ್ತಕ್ಕ ಹತ್ತು!

ಬುಟ್ಟಿ ಬರಾಕತ್ತದ ಅಂತ ದುರಗಪ್ಪ ಫೋನ್ ಮಾಡಿದ್ದ, ಬಸ್ ಬರೋಕಿಂತ ಮೊದಲೇ ಹೋಗಿ ಸ್ಟ್ಯಾಂಡಿನಾಗ ನಿಂತಿದ್ದೆ. ದುರಗಪ್ಪ ಇಳೀತಿದ್ದಂಗೇ, "ಯವ್ವಾ, ಇವು ತತ್ತಿ ಅಲ್ಲ, ಗೋಲಿಕಲ್ಲು. ದಾರಿಯಾಗ ಒಬ್ಬಾವ ಬುಟ್ಟಿ ಮ್ಯಾಲ ತನ್ನ ಚೀಲಾನೇ ಇಟ್ಟಿದ್ದ, ಏನೂ ಆಗಿಲ್ಲ ನೋಡು" ಅಂದ. ಒಂದೊಂದೂ ಬಿಸಲಿಗೆ ಹಿಡದು ತಿರುವಿ ನೋಡಿದೆ. ಗೆರಿ ಸೈತ ಇಲ್ಲ. ನಿನ್ನ ಗಂಡ ಸಂಗಮನಾಥಣ್ಣಗ ಓದಿ ತೋರಿಸು, ಬೇಕಾದ್ರ ಡ್ಯಾಮಿನ ಮ್ಯಾಲ ನಿಂತು ಆಣಿ ಮಾಡ್ತೀನಿ.

ಈಗ ನಂದೊಂದು ಕೇಳು. ನೀ ಕಳಿಸಿದ ತತ್ತಿ ನಾ ಒಂದೂ ತಿಂದಿಲ್ಲ. ಸುಳ್ಳು ಬರದೆ. ತತ್ತಿ ವಾಸನಿ ಬಂದ್ರ ಸಾಕು, ಹಿತ್ತಲಕ್ಕ ಓಡ್ತಿದ್ದೆ. ಎಲ್ಲಾ ಬಾಜೂ ಕ್ವಾರ್ಟರ್ಸಿನ ಮಮ್ತಾಜ ಅಕ್ಕಗ ಕೊಟ್ಟೆ. ಮೂರು ತಿಂಗಳು ತುಂಬೋತನ ಯಾರಿಗೂ ಹೇಳಬ್ಯಾಡ ಅಂತ ನಮ್ಮವ್ವ ಬಾಯಿ ಕಟ್ಟಿದ್ಲು. ನಿನ್ನೆ ತುಂಬ್ತು. ಮೊದಲ ನಿನಗೇ ಬರಿಯಾಕತ್ತೇನಿ.

ಈ ಹತ್ತು ಮಾತ್ರ ಮಮ್ತಾಜಗ ಕೊಡಲಿಲ್ಲ. ಮೂಗು ಮುಚ್ಕೊಂಡು ಒಂದು ಕುದಿಸಿ ತಿಂದೆ. ಇಳೀತು!

ರೇಣು


ಕೆಂಭಾವಿ
೬ ಮೇ

ರೇಣವ್ವಾ, ತಾಯೀ!

ಕಳ್ಳಿ! ಮೂರು ತಿಂಗಳು ಮುಚ್ಚಿಟ್ಟೆಯಲ್ಲ! ನಾನು ಮುಖ ಊದಿಸಿಕೊಂಡ ಎರಡು ದಿನ ವಾಪಸ್ ಕೊಡು. ಪತ್ರ ಓದಿ ನಾನು ಕಿರುಚಿದ್ದಕ್ಕೆ ಅತ್ತೆ ಹಾವು ಬಂತೆಂದು ಬಡಿಗೆ ಹಿಡಿದು ಬಂದರು. ಸಂತೋಷ ತಡೆಯದೆ ನಿನ್ನ ಸುದ್ದಿ ಅವರಿಗೆ ಹೇಳಿಬಿಟ್ಟೆ, ಸಿಟ್ಟಾಗಬೇಡ.

ನಿನ್ನೆ ವ್ಯಾಪಾರಿ ಬಂದೇ ಬಂದ. ಇವರು ಬೇಡವೆಂದು ಫೋನು ಮಾಡುವಷ್ಟರಲ್ಲಿ ಖಾಲಿ ಪಂಜರ ತುಂಬಿದ ಗಾಡಿ ಹೊಲದಲ್ಲಿತ್ತು. ಮಾತು ಕೊಟ್ಟು ತಪ್ಪುತ್ತೀರಾ ಎಂದು ಅವನು ರೇಗಿ, ತಾನೇ ಶೆಡ್ಡಿನ ಬಾಗಿಲಿಗೆ ಕೈ ಹಾಕಿದ. ಹಗ್ಗ ಬಿಚ್ಚಲು ನೋಡುತ್ತಾನೆ, ಬರುವುದಿಲ್ಲ. ಎಳೆದಷ್ಟೂ ಬಿಗಿಯುತ್ತದೆ. ಎಮ್ಮೆಯ ಗಂಟು! ಅಷ್ಟರಲ್ಲಿ ಅತ್ತೆ ಬಂದರು. ನಾಲ್ಕು ಜನರೆದುರು ಆಣೆ ಮಾಡಿದವರು, ಎಂಟು ಜನರೆದುರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಕೈ ತಗಿಯಪ್ಪಾ. ಕೋಳಿ ನಮ್ಮವು. ನಮ್ಮ ಮನಿ ಸೊಸಿ ಕತ್ತಿಗಿ ಹಾಕಂಗಿಲ್ಲಂತ ನನಗ ಮಾತು ಕೊಟ್ಟಾಳ. ಆ ಮಾತು ನಿನಗ ಕೊಟ್ಟ ಮಾತಿಗಿಂತ ಮೊದಲಿಂದು."

ಇವರು ತಾಯಿಯ ಮುಖ, ನನ್ನ ಮುಖ, ಮತ್ತೆ ತಾಯಿಯ ಮುಖ ನೋಡಿದರು. ಆಮೇಲೆ ವ್ಯಾಪಾರಿಗೆ ಕೈಮುಗಿದು, ಬಾಡಿಗೆ ಕೊಟ್ಟು ಕಳಿಸಿದರು. ಮಧ್ಯಾಹ್ನವೇ ಯಶೋಧರಾ ಟೀಚರ್ ಬಂದು ಎರಡು ತತ್ತಿ ಒಂದಕ್ಕೊಂದು ತಾಗಿಸಿ ನೋಡಿ ಟ್ರೇ ತೆಗೆದುಕೊಂಡು ಹೋದರು.

ರಾತ್ರಿ ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಒಲೆಯ ಮುಂದೆ ಕೂತು ಬೆಂಕಿ ಸರಿಮಾಡಿದರು.

"ದಾನಿ, ನನ್ನ ಜ್ವಾಳದ್ದೇ ತಪ್ಪು ಅಲ್ಲೇನು?"

ನಾನು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದೆ.

"ಕಿವಿ ಕೇಳಂಗಿಲ್ಲೇನು? ಕಾಳು ಹಾಕಿದ್ರ ಹೊಟ್ಟಿ ಉರೀತದ ಅಂತ ಗ್ವಾಡಿಗಿ ಹೇಳಿದ್ದಿಲ್ಲ ನೀ, ನನಗೇ ಹೇಳಿದ್ದಿ. ಬದನಿಕಾಯಿ ಗಿಡಕ್ಕ ಯಾರರ ಕಾಳು ಹಾಕ್ತಾರೇನು?"

"ಹೌದ್ರಿ ಅತ್ತಿ," ಎಂದೆ. "ನಾ ಅವತ್ತ ಆಡಿದ ಮಾತಿಗಿ ತಪ್ಪಾತ್ರಿ."

"ಅದಿರ್ಲಿ. ಖರೇ ಗೊತ್ತಾದ ಮ್ಯಾಲ ನನ್ನ ಮುಂದ ಯಾಕ ಹೇಳಲಿಲ್ಲ?"

"ನೀವು ನೊಂದ್ಕೋತೀರಿ ಅಂತ್ರಿ."

ಅತ್ತೆ ಕೈಯಲ್ಲಿದ್ದ ಊದುಕೊಳವೆ ನೆಲಕ್ಕೆ ಕುಟ್ಟಿದರು.

"ನಾ ಏನ್ ಮೆತ್ತನ ತತ್ತಿ ಏನು, ಮುಟ್ಟಿದ್ರ ಒಡ್ಯಾಕ?"

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಹೊರಗೆ ಊಟಕ್ಕೆ ಕೂತಿದ್ದ ಇವರ ಕೆಮ್ಮು ಕೇಳಿಸಿತು. ತಾವೇ ಆ ಹೆಸರು ಎತ್ತಿದ್ದು ಅತ್ತೆಗೆ ಆಮೇಲೆ ಹೊಳೆಯಿತು. ದೇವರ ಜಗಲಿಯ ಕಡೆ ಒಮ್ಮೆ ನೋಡಿದರು. ನಾನು ನಗುವುದೋ ಬೇಡವೋ ಎಂದು ತಡೆದುಕೊಂಡು ಸಾಯುತ್ತಿದ್ದೆ. ಮೊದಲು ನಕ್ಕವರು ಅವರೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಸೆರಗಿನಿಂದ ಒರೆಸಿಕೊಂಡು, "ಕೇಳಿದ್ರ ಕೇಳ್ಲಿ ಬಿಡು ದೇವರು. ಆ ಹುಡುಗಿಗಿ ನಾಳಿ ತತ್ತಿ ಕಳಿಸು. ಬಸುರಿ ಅದಾಳ" ಎಂದರು.

ಆದ್ದರಿಂದ ಈ ಬುಟ್ಟಿ ಅವರದ್ದು. ಎಣಿಸಿ ಹಾಕಿದವರೂ ಅವರೇ, ಬುಟ್ಟಿಯ ಬಾಯಿಗೆ ಎಮ್ಮೆಯ ಗಂಟು ಹಾಕಿದವರೂ ಅವರೇ. ಗಂಟು ಬಿಚ್ಚಲು ಬಾರದಿದ್ದರೆ ಹಗ್ಗ ಕತ್ತರಿಸಬಾರದಂತೆ. ಫೋನು ಮಾಡಬೇಕಂತೆ, ಸ್ಪೀಕರ್ ಹಾಕಿಕೊಂಡು ಅವರೇ ಹೇಳಿಕೊಡುತ್ತಾರಂತೆ.

ನಿನ್ನ ದಾನಿ